ಡೆಡ್ ಸ್ಟಾಕಿನಲ್ಲಿದ್ದ ಭಟ್ಟಿ

ನಾನು ಕುಲಪತಿಯಾಗಿ ನಿವೃತ್ತನಾದ ಮೇಲೆ ನನ್ನ ಬಗ್ಗೆ ಒಂದು ಅಭಿನಂದನ ಗ್ರಂಥ ಬಂತು. ಜೈವಿಕ ತಂತ್ರಜ್ಞಾನದತ್ತ ನಾನು ಹೊರಳಿದ್ದು ಹೇಗೆ ಎಂದು ತಿಳಿಸುವ ಅಧ್ಯಾಯವೂ ಅದರಲ್ಲಿದೆ. ಹತ್ತು ವರ್ಷದ ನಾನು ಟಿಕೋಟಾದ ನಮ್ಮ ಹೊಲದ ಬದುವಿನ ಮೇಲೆ ಕೂತು, ಕೈಯಲ್ಲಿ ಒಂದು ಹಿಡಿ ಎರೆಮಣ್ಣು ಹಿಡಿದು, ಇದರೊಳಗೆ ಎಷ್ಟು ಜೀವಿಗಳಿರಬಹುದು ಎಂದು ಯೋಚಿಸಿದ್ದೆನಂತೆ. ಸಂಪಾದಕರನ್ನು ದೂರುವಂತಿಲ್ಲ. ಯಾವುದೋ ಸಮಾರಂಭದಲ್ಲಿ ನಾನೇ ಹೇಳಿದ್ದು. ಸಭೆ ಚಪ್ಪಾಳೆ ತಟ್ಟಿತು, ಮುಂದಿನ ಸಮಾರಂಭದಲ್ಲೂ ಹೇಳಿದೆ. ಈಗ ಆ ಬದು, ಆ ಮಣ್ಣಿನ ತಂಪು ಎಲ್ಲವೂ ನನಗೆ ಸ್ಪಷ್ಟವಾಗಿ ನೆನಪಿದೆ. ಹಾಗೆ ನಡೆದಿತ್ತೇ ಎಂಬುದು ಮಾತ್ರ ಗೊತ್ತಿಲ್ಲ.

ಡೈರಿಯಲ್ಲಿ ಬೇರೆಯೇ ಇದೆ. ನನ್ನ ಡೈರಿಗೆ ಅಧ್ಯಾಯ ಬರೆಯುವ ಅಭ್ಯಾಸವಿಲ್ಲ. ಒಂದೊಂದು ದಿನಕ್ಕೆ ಎರಡು ಸಾಲು, ಮೂರು ಸಾಲು. ಅವುಗಳನ್ನು ಓದಿದರೆ ನನ್ನ ವೃತ್ತಿಜೀವನ ಶುರುವಾದದ್ದು ಜೋರಾಪುರ ಪೇಟೆಯ ಒಂದು ಬೇಕರಿಯಲ್ಲಿ ಎಂದೂ, ಅಲ್ಲಿಂದ ಹೊರಬೀಳಲು ನಾನು ಮೂರು ದಿನ ಒದ್ದಾಡಿದೆನೆಂದೂ ತಿಳಿಯುತ್ತದೆ.

ಎಪ್ಪತ್ತರ ದಶಕದ ನಡುವಿನ ಮಾತು. ವಿಜಯಪುರವನ್ನು ಆಗ ಎಲ್ಲರೂ ಬಿಜಾಪುರ ಎನ್ನುತ್ತಿದ್ದರು. ಅಲ್ಲಿನ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರವೆಂಬ ಹೊಸ ವಿಷಯ ತೆರೆದಿದ್ದರು. ಅದಕ್ಕೆ ನಾನೊಬ್ಬನೇ ಲೆಕ್ಚರರ್, ಅದೂ ತಾತ್ಕಾಲಿಕ. ವಿಭಾಗದ ಮುಖ್ಯಸ್ಥನೂ ನಾನೇ, ವಿಭಾಗದಲ್ಲಿ ಅತ್ಯಂತ ಕಿರಿಯನೂ ನಾನೇ. ಟಿಕೋಟಾದಲ್ಲಿ ಅವ್ವ ಕೇಳಿದ್ದಳು, "ಏನ್ ಕಲಸ್ತಿಯೋ ಯಪ್ಪಾ ನೀನು?" ಕಣ್ಣಿಗೆ ಕಾಣದ ಜೀವಗಳ ಬಗ್ಗೆ ಎಂದೆ. "ಕಾಣದ್ದಕ್ಕೂ ಪಗಾರ ಕೊಡ್ತಾರ? ಚಲೋ ಆತು ಬಿಡು" ಎಂದು ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು.

ಆ ಜೀವಗಳನ್ನು ಬೆಳೆಸಲು ಮುಚ್ಚಳವಿರುವ ಸಣ್ಣ ಗಾಜಿನ ತಟ್ಟೆಗಳು ಬೇಕು. ಬಳಸುವ ಮೊದಲು ಅವುಗಳನ್ನು ಕಾಗದದಲ್ಲಿ ಸುತ್ತಿ, ಒಣ ಕಾವಿನಲ್ಲಿ ಎರಡು ತಾಸು ಇಡಬೇಕು. ಇಲ್ಲವಾದರೆ ನಮಗೆ ಬೇಕಾದ ಜೀವಿಯ ಬದಲು ಬೇಡವಾದದ್ದೆಲ್ಲ ಬೆಳೆಯುತ್ತದೆ. ಇದಕ್ಕೆ ಹಾಟ್ ಏರ್ ಓವನ್ ಎಂಬ ಯಂತ್ರವಿದೆ. ಕಾಲೇಜಿನಲ್ಲಿ ಅದು ಇರಲಿಲ್ಲ.

ನನ್ನ ಬಾಡಿಗೆ ಕೋಣೆ ಜೋರಾಪುರ ಪೇಟೆಯಲ್ಲಿತ್ತು. ಓಣಿಯ ತುದಿಯ ಮನೆಯ ಹಿತ್ತಲಲ್ಲಿ ಬೇಕರಿಯ ಇಟ್ಟಿಗೆ ಭಟ್ಟಿ. ಅಲ್ಲಿ ಬೆಂದ ಪಾವ್, ಖಾರಿ, ನಾನಖಟಾಯಿ ಗಾಂಧಿ ಚೌಕದ ಅಂಗಡಿಗೆ ಹೋಗುತ್ತಿದ್ದವು. ಬೇಕರಿಯ ಯಜಮಾನರನ್ನು ಓಣಿಯವರೆಲ್ಲ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಬೆಳಗಿನ ಪಾವ್ ಹೊರಗೆ ಬಂದ ಮೇಲೆ ಭಟ್ಟಿಯೊಳಗೆ ಬಹಳ ಹೊತ್ತು ಕಾವು ಉಳಿಯುತ್ತದೆ. ಆ ಕಾವು ಸುಮ್ಮನೆ ಹೋಗುತ್ತಿತ್ತು. ನನ್ನ ತಟ್ಟೆಗಳನ್ನು ಬಿಸ್ಕಿಟಿನ ತಗಡಿನ ಡಬ್ಬಿಯಲ್ಲಿ ತುಂಬಿ ಅದರಲ್ಲಿಡಬಹುದೇ ಎಂದು ಒಂದು ದಿನ ಕೇಳಿದೆ.

"ಏನ್ ಬೇಯಸ್ತೀರಿ ಮಾಸ್ತರ?" ಎಂದರು.

"ಏನೂ ಇಲ್ಲ ಚಾಚಾ. ಖಾಲಿ ತಾಟು."

"ಖಾಲಿ ತಾಟು ಬೇಯಸೋದು ಕಾಲೇಜಿನ್ಯಾಗ ಕಲಸ್ತಾರ?" ಎಂದು ನಕ್ಕು, ಭಟ್ಟಿಯೊಳಗೆ ಒಂದು ಚೂರು ರದ್ದಿ ಕಾಗದ ಎಸೆದರು. ಕಾಗದ ಕಪ್ಪಾದರೆ ಕಾವು ಹೆಚ್ಚು, ಬೆಳ್ಳಗೇ ಉಳಿದರೆ ಸಾಲದು, ಚಹಾದ ಬಣ್ಣಕ್ಕೆ ತಿರುಗಿದರೆ ಸರಿ. ನಾನು ಥರ್ಮಾಮೀಟರ್ ಹಿಡಿದು ನೋಡಿದೆ. ಪುಸ್ತಕ ಹೇಳುವಷ್ಟೇ ಕಾವು ಇತ್ತು. ಅಂದಿನ ಡೈರಿಯಲ್ಲಿ ಬರೆದಿದ್ದೇನೆ: "ಥರ್ಮಾಮೀಟರ್ ಸರಿಯಾಗಿದೆ."

ಹೀಗೆ ನಡೆಯುತ್ತಿದ್ದಾಗ ಹೊಸ ವಿಷಯಕ್ಕೆ ಮಾನ್ಯತೆ ಕೊಡಲು ವಿಶ್ವವಿದ್ಯಾಲಯದಿಂದ ಕಮಿಟಿ ಬರುತ್ತದೆಂದು ಗೊತ್ತಾಯಿತು. ಮಾನ್ಯತೆ ಸಿಕ್ಕರೆ ನನ್ನ ನೌಕರಿ ಕಾಯಂ, ಸಿಗದಿದ್ದರೆ ನಾನು ಟಿಕೋಟಾಕ್ಕೆ. ಮೊದಲೇ ತುಂಬಿ ಕಳಿಸಬೇಕಾದ ಒಂದು ಫಾರ್ಮು ಬಂದಿತ್ತು. ಪ್ರಿನ್ಸಿಪಾಲರು ಅದನ್ನು ಓದುತ್ತ ಹೋದರು, ನಾನು ಬರೆಯುತ್ತ ಹೋದೆ.

"ಹಾಟ್ ಏರ್ ಓವನ್, ಎಷ್ಟು?"

"ಒಂದೂ ಇಲ್ರಿ ಸರ."

"ಮತ್ತ ತಾಟು ಎಲ್ಲಿ ಕಾಸ್ತಿ?"

"ಜೋರಾಪುರ ಪೇಟಿ ಭಟ್ಟಿಯೊಳಗ್ರಿ."

"ಅದು ಕಾಯ್ತೈತೋ ಇಲ್ಲೋ?"

"ಕಾಯ್ತೈತ್ರಿ."

"ಹಂಗಾದ್ರ ಒಂದು ಅಂತ ಬರಿ. ಎಷ್ಟು ಅಂತ ಕೇಳ್ಯಾರ. ಯಾರದು ಅಂತ ಕೇಳಿಲ್ಲ."

ಬರೆದೆ. ಅಂದು ನನಗೆ ಮನಸ್ಸಿನಲ್ಲಿ ಕಸಿವಿಸಿಯಾಯಿತು ಎಂದು ಇಲ್ಲಿ ಬರೆಯಬೇಕೆಂಬ ಆಸೆಯಿದೆ. ಡೈರಿಯಲ್ಲಿ ಹಾಗೇನೂ ಇಲ್ಲ. "ಫಾರ್ಮು ಮುಗಿಯಿತು" ಎಂದಷ್ಟೇ ಇದೆ.

ಕಮಿಟಿಯ ಮೂವರು ಬಂದರು. ಲ್ಯಾಬಿಗೆ ಹೋಗುವ ಮೊದಲು ಪ್ರಿನ್ಸಿಪಾಲರ ಕೋಣೆಯಲ್ಲಿ ಚಹಾ, ಜೊತೆಗೆ ಚಾಚಾನ ನಾನಖಟಾಯಿ. ಅಧ್ಯಕ್ಷರು ಫಾರ್ಮಿನ ಮೇಲೆ ಬೆರಳಿಟ್ಟು ಓವನ್ ಎಲ್ಲಿ ಎಂದು ಕೇಳಿದರು. ಪ್ರಿನ್ಸಿಪಾಲರು ಕಣ್ಣು ಮಿಟುಕಿಸಲಿಲ್ಲ.

"ಇಲ್ಲಿ ಕರೆಂಟಿನ ಭರವಸಿ ಇಲ್ರಿ ಸರ. ಊರಾಗ ಇಟ್ಟೇವ್ರಿ. ನೀವು ತಿನ್ನಾಕತ್ತೀರಲ್ಲ, ಅದೂ ಅದರಾಗಿಂದ. ಟೆಸ್ಟಿಂಗ್ ಮಾಡಿ ನೋಡಿದ್ವಿ."

ಅಧ್ಯಕ್ಷರು ಕೈಯಲ್ಲಿದ್ದ ಅರ್ಧ ನಾನಖಟಾಯಿಯನ್ನು ನೋಡಿ, ಬಾಯಿಗೆ ಹಾಕಿಕೊಂಡು, ಇನ್ನೊಂದು ತೆಗೆದುಕೊಂಡರು. ಸಲಕರಣೆಗಳು ತೃಪ್ತಿಕರ ಎಂದು ವರದಿ ಬಂತು. ಈ ಮಾತುಕತೆ ನಡೆದಾಗ ನಾನು ಆ ಕೋಣೆಯಲ್ಲಿದ್ದೆನೋ, ಆಮೇಲೆ ಪ್ರಿನ್ಸಿಪಾಲರು ಹತ್ತಾರು ಸಲ ಹೇಳಿದ್ದನ್ನು ಕೇಳಿ ಇದ್ದೆನೆಂದು ಅಂದುಕೊಂಡಿದ್ದೇನೋ, ಆಣೆ ಮಾಡಿ ಹೇಳಲಾರೆ. ನಾನಖಟಾಯಿ ಸಾಲಲಿಲ್ಲ ಎಂಬುದು ಡೈರಿಯಲ್ಲಿದೆ.

ನೌಕರಿ ಕಾಯಂ ಆಯಿತು. ಆದರೆ ವಿಶ್ವವಿದ್ಯಾಲಯದವರು ಮಾನ್ಯತೆಯ ಕಡತ ಮುಗಿಸಲು ನಮ್ಮ ಡೆಡ್ ಸ್ಟಾಕ್ ರಜಿಸ್ಟರಿನ ನಕಲು ಕೇಳಿದರು. ಕುರ್ಚಿ, ಕಪಾಟು, ಯಂತ್ರ, ಹೀಗೆ ಬಳಸಿದರೂ ಕರಗದೆ ಉಳಿಯುವ ವಸ್ತುಗಳನ್ನೆಲ್ಲ ಬರೆದಿಡುವ ದಪ್ಪ ಪುಸ್ತಕ ಅದು. ಅದರಲ್ಲಿ ಓವನ್ ಇರಲಿಲ್ಲ, ಕಳಿಸುವ ನಕಲಿನಲ್ಲಿ ಇರಬೇಕಾಗಿತ್ತು. ಆದ್ದರಿಂದ ಸ್ಟೋರ್‌ಕೀಪರರು ಅಸಲಿನಲ್ಲೇ ಒಂದು ಸಾಲು ಸೇರಿಸಿದರು: ಓವನ್, ಒಂದು, ದಾನವಾಗಿ ಬಂದದ್ದು. ಜವಾಬ್ದಾರಿ ಎಂಬಲ್ಲಿ ನನ್ನ ಸಹಿ. ಮರುವರ್ಷ ನಿಜವಾದ ಓವನ್ ಬೇಕೆಂದು ಅರ್ಜಿ ಬರೆದೆ. ನಿಮ್ಮಲ್ಲಿ ಸುಸ್ಥಿತಿಯ ಓವನ್ ಇರುವುದರಿಂದ ಮತ್ತೊಂದನ್ನು ಮಂಜೂರು ಮಾಡಲಾಗದು ಎಂದು ಉತ್ತರ ಬಂತು. ಹೀಗಾಗಿ ನಾನು ತಗಡಿನ ಡಬ್ಬಿ ಹೊತ್ತು ಚಾಚಾನ ಹಿತ್ತಲಿಗೆ ಹೋಗುವುದು ತಪ್ಪಲಿಲ್ಲ.

ಹೀಗೆ ಮೂರು ವರ್ಷ. ಒಂದು ಚಳಿಗಾಲದ ಶುಕ್ರವಾರ ಪ್ರಿನ್ಸಿಪಾಲರು ಡ್ರಾಯರಿನಿಂದ ಒಂದು ಲಕೋಟೆ ತೆಗೆದು ಕೊಟ್ಟರು. ದೂರದ ವಿಶ್ವವಿದ್ಯಾಲಯವೊಂದರಲ್ಲಿ ನನಗೆ ಅಧ್ಯಾಪಕನ ಹುದ್ದೆ, ಜೊತೆಗೆ ಸಂಶೋಧನೆ ಮಾಡಲು ಅವಕಾಶ. ಪತ್ರ ಅವರ ಡ್ರಾಯರಿನಲ್ಲಿ ಎಷ್ಟು ದಿನ ಮಲಗಿತ್ತೋ. ಸೋಮವಾರ ಮಧ್ಯಾಹ್ನದೊಳಗೆ ಹಾಜರಾಗದಿದ್ದರೆ ಹುದ್ದೆ ಮುಂದಿನವರಿಗೆ ಹೋಗುತ್ತದೆ ಎಂದು ಕೊನೆಯ ಸಾಲಿನಲ್ಲಿತ್ತು.

"ಹೋಗು, ನಮಗೂ ಹೆಸರು ಬರ್ತದ" ಎಂದರು ಪ್ರಿನ್ಸಿಪಾಲರು. "ಚಾರ್ಜ್ ಕೊಟ್ಟ ಕಾಗದ ತಗೊಂಡು ಬಾ, ರಿಲೀವಿಂಗ್ ಆರ್ಡರ್‌ಗೆ ಸಹಿ ಹಾಕ್ತೀನಿ."

ಚಾರ್ಜ್ ಕೊಡುವುದೆಂದರೆ ರಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದಿರುವ ಪ್ರತಿಯೊಂದು ವಸ್ತುವನ್ನೂ ಸ್ಟೋರ್‌ಕೀಪರರ ಎದುರಿಗೆ ಇನ್ನೊಬ್ಬರಿಗೆ ಒಪ್ಪಿಸುವುದು. ತೆಗೆದುಕೊಳ್ಳಬೇಕಾದವರು ಸಸ್ಯಶಾಸ್ತ್ರದ ಮೇಡಂ. ಒಣಗಿಸಿಟ್ಟ ಸಸ್ಯದ ಹಾಳೆಗಳಲ್ಲಿ ಎಲೆಗಳನ್ನೂ ಎಣಿಸುತ್ತಾರೆ ಎಂದು ಹುಡುಗರು ಅವರ ಬಗ್ಗೆ ಹೇಳುತ್ತಿದ್ದರು. ಅಂದು ಮಧ್ಯಾಹ್ನ ಅವರು ಸೂಕ್ಷ್ಮದರ್ಶಕಗಳನ್ನು ನೋಡಿದರು, ಗಾಜಿನ ಸಾಮಾನು ನೋಡಿದರು, ಕಾಲು ಮುರಿದ ಸ್ಟೂಲನ್ನು ಬಗ್ಗಿ ನೋಡಿದರು. ಆಮೇಲೆ ಓವನ್ ಎಲ್ಲಿ ಎಂದು ಕೇಳಿದರು. ಹೇಳಿದೆ.

"ನಾ ಕಣ್ಣಿಲೆ ನೋಡಿದ್ದಕ್ಕ ಸಹಿ ಮಾಡಾಕಿ ಸರ" ಎಂದರು. "ನೋಡದ್ದಕ್ಕ ಮಾಡಿದ್ರ ನಾಳಿಗಿ ನಾನೂ ಯಾರಿಗರ ಹಿಂಗ ಹೇಳ್ಕೋತ ನಿಂದ್ರಬೇಕಾಗ್ತದ."

ಸ್ಟೋರ್‌ಕೀಪರರನ್ನು ಕೇಳೋಣವೆಂದರೆ ಅವರು ಅದಾಗಲೇ ಸುಗ್ಗಿಗೆಂದು ತಮ್ಮ ಊರು ಬಬಲೇಶ್ವರಕ್ಕೆ ಬಸ್ಸು ಹತ್ತಿದ್ದರು. ಸೋಮವಾರ ಕಾಲೇಜಿಗೆ ಬರುವವರೆಗೆ ಅವರ ಸಹಿಯಿಲ್ಲ. ನಾನು ಟಿಕೋಟಾಕ್ಕೆ ಹೋಗಿ ಮನೆಯಲ್ಲಿ ಸುದ್ದಿ ಹೇಳಿ, ಶನಿವಾರ ಬೆಳಿಗ್ಗೆ ಅಪ್ಪನ ಸೈಕಲ್ ಹತ್ತಿ ಬಬಲೇಶ್ವರದ ದಾರಿ ಹಿಡಿದೆ. ದಾರಿಯ ಎರಡೂ ಕಡೆ ಜೋಳ ಕೊಯ್ಲಿಗೆ ಬಂದಿತ್ತು, ತಣ್ಣನೆ ಗಾಳಿ ಎದುರು ಬೀಸುತ್ತಿತ್ತು ಎಂದು ಬರೆಯಲು ಕೈ ಮುಂದಾಗುತ್ತದೆ. ಆ ದಿನ ನಾನು ಹಾಗೇನಾದರೂ ನೋಡಿದೆನೇ? ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಇಲ್ಲದ ವಸ್ತುವನ್ನು ಒಪ್ಪಿಸುವುದು ಹೇಗೆ.

ಸ್ಟೋರ್‌ಕೀಪರರು ಹೊಲದಲ್ಲಿ ಸಗಣಿಕುಳ್ಳಿನ ಬೆಂಕಿಯಲ್ಲಿ ಎಳೆ ಜೋಳದ ತೆನೆ ಸುಟ್ಟು ಸೀತನಿ ಬಡಿಯುತ್ತಿದ್ದರು. ಒಂದು ಬೊಗಸೆ ನನಗೂ ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಓವನ್ ಇಲ್ಲ ಅಂತ ಬರ್ಕೊಡ್ರಿ, ನಾನೇ ತಪ್ಪು ಒಪ್ಕೋತೀನಿ" ಎಂದೆ.

"ಹಂಗ ಬರಾಂಗಿಲ್ರಿ ಸರ. ರಜಿಸ್ಟರಿನ್ಯಾಗ ಐತಿ. ಐತಿ ಅಂದಮ್ಯಾಲೆ ಇಲ್ಲ ಅಂದ್ರ ಕಳುವಾತು. ಕಳುವಾದ್ರ ಪೊಲೀಸ್ ಕಂಪ್ಲೇಂಟು. ಕಂಪ್ಲೇಂಟಿನ್ಯಾಗ ಮೊದಲನೇ ಹೆಸರು ನಿಮ್ದ."

"ಕೆಟ್ಟೈತಿ ಅಂತ ಬರದ್ರ?"

"ಕೆಟ್ಟಿದ್ದು ತೋರಸ್ಬೇಕು. ತೋರ್ಸಿ ಲಿಲಾವು ಮಾಡ್ಬೇಕು. ಲಿಲಾವಿನ್ಯಾಗ ಯಾರರ ತಗೊಂಡು ಹೋಗ್ಬೇಕು. ಏನ್ ತಗೊಂಡು ಹೋಗ್ತಾರ?"

"ನೀವ ಬರದದ್ದಲ್ರಿ ಅದು."

"ಬರದದ್ದು ನಾನ. ಇಲ್ಲಂದವ ಯಾರದಾನ?" ತೆನೆ ಬಡಿಯುವುದನ್ನು ನಿಲ್ಲಿಸಿದರು. "ಮಂದಿ ನಿಮ್ಮನ್ನ ನಂಬ್ಯಾರ ಸರ. ಕಣ್ಣಿಗೆ ಕಾಣದ ಹುಳ ಅದಾವ ಅಂತ ಹುಡುಗ್ರಿಗೆ ಹೇಳ್ತೀರಿ, ಹುಡುಗ್ರು ಬರ್ಕೋತಾರ. ಭಟ್ಟಿಯರ ಕಣ್ಣಿಗೆ ಕಾಣ್ತೈತಿ. ರಜಿಸ್ಟರಿನ್ಯಾಗ ಓವನ್ ಒಂದು ಅಂತ ಐತಿ. ಇಟ್ಟಂಗೀದೋ ತಗಡಿಂದೋ ಬರದಿಲ್ಲ. ನಾಳೆ ಮುಂಜಾನೆ ಮೇಡಂನ ಕರ್ಕೊಂಡು ಬರ್ರಿ, ನಾನೂ ಬರ್ತೀನಿ. ಭಟ್ಟಿ ತೋರ್ಸಿ ಕೊಟ್ಟುಬಿಡೋಣ."

ಈಗ ಓದುವವರಿಗೆ ಇದು ತಮಾಷೆಯಾಗಿ ಕಾಣಬಹುದು. ಆಗ ನನಗೆ ಸರಿಯಾದ ದಾರಿ ಸಿಕ್ಕಿತು ಎನ್ನಿಸಿತು, ಅದೇ ಸಂತೋಷದಿಂದ ಸೈಕಲ್ ತುಳಿದು ವಾಪಸ್ಸಾದೆ. ಚಾಚಾನನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಇದನ್ನು ಮಾತ್ರ ಡೈರಿಯ ಸಹಾಯವಿಲ್ಲದೆಯೇ ಖಚಿತವಾಗಿ ಹೇಳಬಲ್ಲೆ.

ನಾನು ಹೇಳಿದ್ದಂತೆ ಭಾನುವಾರ ಬೆಳಿಗ್ಗೆ ಮೇಡಂ ಸಿದ್ಧೇಶ್ವರ ಗುಡಿಗೆ ಹೋಗಿ, ಹಣೆಗೆ ವಿಭೂತಿ ಹಚ್ಚಿಕೊಂಡು ನೇರವಾಗಿ ಬೇಕರಿಗೆ ಬಂದರು. ಸ್ಟೋರ್‌ಕೀಪರರು ರಜಿಸ್ಟರನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಇನ್ನೊಂದು ಕೈಯಲ್ಲಿ ಬಿಳಿ ಬಣ್ಣದ ಡಬ್ಬಿ, ಒಂದು ಬ್ರಶ್ಶು. ಪಾವ್ ಆಗಷ್ಟೇ ಹೊರಗೆ ಬಂದಿತ್ತು. ಚಾಚಾ ಮೂವರಿಗೂ ಮಣೆ ಹಾಕಿದರು, ಚಹಾ ಹೇಳಿದರು. ಮೇಡಂ ಭಟ್ಟಿಯ ಬಾಯಿಯ ಹತ್ತಿರ ಕೈ ಹಿಡಿದು ಕಾವು ನೋಡಿದರು, ಕಬ್ಬಿಣದ ಕದ ತೆರೆದು ಮುಚ್ಚಿದರು. "ಸುಸ್ಥಿತಿಯಲ್ಲಿದೆ ಅಂತ ಬರೀಬಹುದು" ಎಂದರು. ಸ್ಟೋರ್‌ಕೀಪರರು ಕದದ ಮೇಲೆ ಕಾಲೇಜಿನ ನಂಬರ್ ಬರೆಯಲು ಬ್ರಶ್ಶು ಅದ್ದಿದರು.

"ಏನ್ ಬರ್ಯಾಕತ್ತೀರಿ ಸಾಹೇಬ್ರ?" ಚಾಚಾ ಕೇಳಿದರು.

"ನಂಬರ್ರಿ. ಡೆಡ್ ಸ್ಟಾಕ್ ನಂಬರ್."

ಚಾಚಾ ನನ್ನ ಕಡೆ ನೋಡಿದರು. ನಾನು ಹೇಳಿದೆ. ಫಾರ್ಮಿನಿಂದ ಶುರುಮಾಡಿ ಸೋಮವಾರದವರೆಗೆ ಎಲ್ಲ ಹೇಳಿದೆ. ಹೇಳುವಾಗ ಅದು ನಾನಂದುಕೊಂಡದ್ದಕ್ಕಿಂತ ಬಹಳ ಉದ್ದವಾಯಿತು. ಚಾಚಾ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಮ್ಮಜ್ಜ ಕಟ್ಟಿದ ಭಟ್ಟಿ ಇದು" ಎಂದರು. "ನಿಮ್ಮ ತಾಟು ಇಟ್ಕೋರಿ, ನಾ ಎಂದರ ಬ್ಯಾಡ ಅಂದೇನೇನು? ಆದ್ರ ನೀವು ಹೋಗ್ತೀರಿ. ಈ ಮೇಡಂ ಅವ್ರೂ ಒಂದಿನ ಹೋಗ್ತಾರ. ಆಮ್ಯಾಲೆ ಯಾರೋ ಒಬ್ಬ ಸಾಹೇಬ ಬಂದು, ನಮ್ಮ ಬುಕ್ಕಿನ್ಯಾಗ ಐತಿ, ಭಟ್ಟಿ ಬಿಚ್ಚಿ ಕೊಡ್ರಿ ಅಂದ್ರ ನಾ ಏನ್ ತೋರಸ್ಲಿ?"

ಬ್ರಶ್ಶಿನಿಂದ ಬಣ್ಣ ಹನಿಯುತ್ತಿತ್ತು.

"ಸಹಿ ಮಾಡ್ಕೋರಿ, ನಿಮ್ಮ ನೌಕರಿ ಆಗ್ಲಿ" ಎಂದರು ಚಾಚಾ. "ಕದದ ಮ್ಯಾಲೆ ಏನೂ ಬರೀಬ್ಯಾಡ್ರಿ. ನನಗೂ ಒಂದು ಕಾಗದ ಕೊಡ್ರಿ. ಇದು ನಂದು ಅಂತ."

ಆ ಕಾಗದ ಕೊಟ್ಟರೆ ಏನಾಗಬಹುದು ಎಂಬುದು ನನಗೆ ಕೂಡಲೇ ತಿಳಿಯಿತು. ಅದು ಎಂದಾದರೂ ಹೊರಗೆ ಬಂದರೆ ಫಾರ್ಮು, ರಜಿಸ್ಟರು, ಈಗಿನ ಚಾರ್ಜ್ ಪಟ್ಟಿ, ಮೂರೂ ಸುಳ್ಳೆಂದು ನನ್ನದೇ ಕೈಬರಹ ಸಾಕ್ಷಿ ಹೇಳುತ್ತದೆ. ಹಳೆಯ ನೌಕರಿಯ ಜೊತೆಗೆ ಹೊಸದೂ ಹೋಗುತ್ತದೆ. ನಾನು ಹಿಂದೆಮುಂದೆ ನೋಡದೆ ಬರೆದುಕೊಟ್ಟೆ ಎಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದೇನೆ. ಡೈರಿಯಲ್ಲಿ ಒಂದು ಸಣ್ಣ ಸಾಲಿದೆ: "ಚಹಾ ಆರಿತ್ತು." ಅಂದರೆ ಸಾಕಷ್ಟು ಹೊತ್ತು ಹಿಡಿದಿರಬೇಕು.

ಕೊನೆಗೆ ಬಿಸ್ಕಿಟು ಕಟ್ಟುವ ಕಾಗದದ ಮೇಲೆ ಬರೆದೆ. ಚಾಚಾಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮೆಟ್ರಿಕ್ ಓದುತ್ತಿದ್ದ ಮಗಳನ್ನು ಕರೆದರು. ಅವಳು ಬಾಗಿಲ ಹತ್ತಿರ ನಿಂತು ಗಟ್ಟಿಯಾಗಿ ಓದಿದಳು: "ಜೋರಾಪುರ ಪೇಟೆಯ ಈ ಭಟ್ಟಿಯು ಕಾಲೇಜಿಗೆ ಸೇರಿದ್ದಲ್ಲ." ಅಲ್ಲಿಗೆ ನಿಲ್ಲಿಸಿ ಕಾಗದದ ಹಿಂಬದಿ ನೋಡಿದಳು.

"ಯಾರದು ಅಂತ ಬರದೇ ಇಲ್ಲಲ್ರಿ ಮಾಸ್ತರ."

ಮೇಡಂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಬೇಕೆಂದೇ ಹೆಸರು ಬಿಟ್ಟಿರಲಿಲ್ಲ, ಮೂರು ವರ್ಷದಲ್ಲಿ ಕೈಗೆ ಹಾಗೇ ರೂಢಿಯಾಗಿತ್ತು ಎಂದುಕೊಳ್ಳುತ್ತೇನೆ. ಇನ್ನೊಂದು ಕಾಗದ ತೆಗೆದುಕೊಂಡು ಚಾಚಾನ ಹೆಸರು, ಅವರ ತಂದೆಯ ಹೆಸರು, ಕಟ್ಟಿದ ಅಜ್ಜನ ಹೆಸರು ಎಲ್ಲ ಬರೆದೆ. ಹುಡುಗಿ ಎರಡು ಸಲ ಓದಿದಳು. ಸಹಿ ಹಾಕಿದೆ.

"ಸಾಕ್ಷಿ ಬೇಕಲ್ಲ" ಎಂದರು ಮೇಡಂ. "ನಾ ಕಣ್ಣಿಲೆ ನೋಡೀನಿ." ಭಟ್ಟಿ ಚಾಚಾನದು ಎಂಬ ಕಾಗದಕ್ಕೆ ಸಹಿ ಹಾಕಿದರು. ಅದೇ ಪೆನ್ನಿನಿಂದ, ಭಟ್ಟಿ ಕಾಲೇಜಿನದು ಎಂಬ ಚಾರ್ಜ್ ಕಾಗದಕ್ಕೂ ಸಹಿ ಹಾಕಿದರು. ಸ್ಟೋರ್‌ಕೀಪರರು ಎರಡಕ್ಕೂ ಹಾಕಿದರು. ಅವರಿಗೆ ಯಾವ ತೊಂದರೆಯೂ ಕಾಣಲಿಲ್ಲ. "ಇದು ಬ್ಯಾರೆ ಕಾಗದ, ಅದು ಬ್ಯಾರೆ ಕಾಗದ" ಎಂದು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು. ಚಾಚಾ ತಮ್ಮ ಕಾಗದವನ್ನು ಮಡಚಿ ಒಳಗೆ ಒಯ್ದರು. ಬರುವಾಗ ನನ್ನ ಪ್ರಯಾಣಕ್ಕೆಂದು ಒಂದು ಪೊಟ್ಟಣ ಖಾರಿ ತಂದರು. ನಾನು ಬೇಡವೆನ್ನಲಿಲ್ಲ.

ಆ ಮಧ್ಯಾಹ್ನ ಪ್ರಿನ್ಸಿಪಾಲರ ಮನೆಗೆ ಹೋಗಿ ಚಾರ್ಜ್ ಕಾಗದ ಕೊಟ್ಟೆ. "ಓವನ್ ಒಂದು, ಸುಸ್ಥಿತಿ" ಎಂಬಲ್ಲಿ ಅವರ ಕಣ್ಣು ಒಂದು ಕ್ಷಣ ನಿಂತಿತು. ರಿಲೀವಿಂಗ್ ಆರ್ಡರಿಗೆ ಸಹಿ ಹಾಕಿ, ಕಾಲೇಜಿನ ಮೊಹರು ಒತ್ತಿದರು.

ಸೋಮವಾರ ಮಧ್ಯಾಹ್ನಕ್ಕೆ ಇನ್ನೂ ಒಂದು ತಾಸು ಇರುವಾಗ ಹೊಸ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಗುಮಾಸ್ತರ ಮುಂದೆ ನಿಂತೆ. ಮೂರು ದಿನ ಅಲೆದು, ಮೂವರ ಸಹಿ ಹಿಡಿದು ತಂದ ಕಾಗದಗಳನ್ನು ಮೇಜಿನ ಮೇಲಿಟ್ಟೆ. ಅವರು ಹಾಳೆ ತಿರುವಿ, ಮೊಹರು ಇದೆಯೇ ಎಂದು ಮಾತ್ರ ನೋಡಿ, ಫೈಲಿನಲ್ಲಿ ಚುಚ್ಚಿದರು.

"ಓದೋದಿಲ್ವಾ?" ಎಂದು ಕೇಳಿದೆ. ಯಾಕೆ ಕೇಳಿದೆನೋ ತಿಳಿಯದು. ಓದಿದ್ದರೆ ಕೆಡುತ್ತಿದ್ದದ್ದು ನನ್ನ ಕೆಲಸವೇ.

ಗುಮಾಸ್ತರು ಮುಖ ಎತ್ತಿ ನೋಡಿದರು. "ಯಾಕೆ, ಏನಾದ್ರೂ ಇದೆಯಾ?"

"ಏನೂ ಇಲ್ಲ" ಎಂದೆ. ಹಾಜರಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಸಹಿ ಮಾಡಬೇಕಾದ ಜಾಗ ತೋರಿಸಿದರು.